ಜನ ಕೂರುವುದನ್ನು ನೋಡುತ್ತಿದ್ದ ಡ್ರೆಸ್ಸರ್

ಅಗಲವಾದ ಬಿಳಿ ಎನಾಮಲ್ ಬೋಗುಣಿಯೊಂದನ್ನು ಕೊಡೆಯಂತೆ ತಲೆಯ ಮೇಲೆ ಬೋರಲು ಹಾಕಿಕೊಂಡು, ಒಂದು ಕೈಯಲ್ಲಿ ಅದರ ಅಂಚನ್ನೂ ಇನ್ನೊಂದರಲ್ಲಿ ಸೈಕಲ್ಲಿನ ಹ್ಯಾಂಡಲನ್ನೂ ಹಿಡಿದು, ಬೇಸಿಗೆಯ ಬಿಸಿಲಿನಲ್ಲಿ ಅವರು ವಾಡಿಯ ರೈಲ್ವೆ ಗೇಟಿನ ಕಡೆಯಿಂದ ಬರುತ್ತಿದ್ದಾರೆ. ಬೋಗುಣಿಯ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ. ಗೇಟಿನ ಹತ್ತಿರ ಯಾರೋ ನಗುತ್ತಾರೆ. ಅವರು ತಿರುಗಿ ನೋಡುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡೆನೋ, ಆಮೇಲೆ ಮನಸ್ಸಿನಲ್ಲಿ ಕಟ್ಟಿಕೊಂಡೆನೋ, ಹೇಳಲಾರೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ಅವರು ಅವತ್ತು ಬಂದದ್ದು ನನ್ನ ಅಣ್ಣನಿಗಾಗಿ. ಯಾರೂ ಬಂದೇ ಇರಲಿಲ್ಲ ಎನ್ನುತ್ತಾನೆ ಅಣ್ಣ. ನಾನೇ ಬರೆದಿಟ್ಟ ನೋಟುಬುಕ್ಕಿನಲ್ಲೂ ಆ ಭೇಟಿಯ ಸುದ್ದಿ ಇಲ್ಲ. ಇಬ್ಬರು ಸಾಕ್ಷಿಗಳು, ಅವರಲ್ಲಿ ಒಬ್ಬ ಸ್ವತಃ ನಾನೇ, ನನ್ನ ನೆನಪಿಗೆ ವಿರುದ್ಧವಾಗಿದ್ದಾರೆ. ಬೇರೆ ಯಾರಾದರೂ ಇಂಥ ನೆನಪನ್ನು ತಂದು ನನ್ನ ಮುಂದಿಟ್ಟಿದ್ದರೆ ಎರಡು ನಿಮಿಷದಲ್ಲಿ ತಳ್ಳಿಹಾಕುತ್ತಿದ್ದೆ. ಇದನ್ನು ತಳ್ಳಿಹಾಕಲು ಆಗದೆ ವರ್ಷಗಳಿಂದ ಸಿಟ್ಟಾಗಿದ್ದೇನೆ.

ಅವರು ರೈಲು ದಾರಿಯ ಮೇಲಿನ ಒಂದು ಊರಿನ ಸರಕಾರಿ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿದ್ದರು. ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ವಾಡಿಯಿಂದ ಸೈಕಲ್ ತುಳಿದು ಹೋಗಿ ಬರುವಷ್ಟು ದೂರ ಎಂದರೆ ಸಾಕು. ಗಿಡ್ಡ ಮೈ, ಬಿಳಿ ಪೈಜಾಮ, ಮೇಲೆ ತೊಳೆದು ತೊಳೆದು ಬಣ್ಣ ಹೋದ ಖಾಕಿ ಅಂಗಿ. ಹತ್ತೂ ಉಗುರುಗಳು ಕಂದು. ತಂಬಾಕಿನ ಕಲೆಯೆಂದು ನಾನು ಮೊದಲು ತಿಳಿದಿದ್ದೆ. ಗಾಯ ತೊಳೆಯುವ ನೀರಿಗೆ ಚಿಟಿಕೆ ಹಾಕುವ ಕೆಂಪು ಪುಡಿಯ ಕಲೆ ಅದು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಎಲ್ಲರೂ ಅವರನ್ನು ಡ್ರೆಸ್ಸರ್ ಕಾಕಾ ಎನ್ನುತ್ತಿದ್ದರು. ಸರ್ಜನ್ನರು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಕಾಕಾ ಅಲ್ಲೇ ಇದ್ದರು.

ಪಟ್ಟಿ ಬಿಚ್ಚುವಾಗ ಅವರಿಗೊಂದು ರೂಢಿಯಿತ್ತು. ಒಣಗಿ ಅಂಟಿಕೊಂಡ ಬಟ್ಟೆಯನ್ನು ಎಳೆಯುವ ಮುನ್ನ ರೋಗಿಗೆ ಏನಾದರೊಂದು ಪ್ರಶ್ನೆ ಹಾಕುತ್ತಿದ್ದರು. ರೈತನಾದರೆ, ಈ ಸಲ ತೊಗರಿ ಹೆಂಗ ಬಂದದ್ರಿ, ಕೊಡ್ಲಿ ಕಡೀದು ಛಲೋನೋ ಚಿಮ್ಮನಚೋಡ ಕಡೀದು ಛಲೋನೋ? ಆತ ತನ್ನೂರಿನ ಪರವಾಗಿ ವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಪಟ್ಟಿ ಕೈಗೆ ಬಂದಿರುತ್ತಿತ್ತು. ಆದರೆ ಅವರು ಉತ್ತರವನ್ನು ಪೂರ್ತಿ ಕೇಳುತ್ತಿದ್ದರು. ಅರ್ಧಕ್ಕೆ ಬಿಟ್ಟು ಹೋದದ್ದನ್ನು ನಾನು ನೋಡಿಲ್ಲ. ಅಥವಾ ನೋಡಿದ್ದು ನೆನಪಿಲ್ಲ.

ನಾನು ಅವರ ಬಳಿ ಹೋಗಿದ್ದು ಅಣ್ಣನ ಮೂಲವ್ಯಾಧಿಯ ಸಲುವಾಗಿ. ಅಣ್ಣ ಬಸ್ ಡ್ರೈವರ್. ಚಿಂಚೋಳಿಯಿಂದ ಸುಲೇಪೇಟ, ಸೇಡಂ, ಚಿತ್ತಾಪುರ ಹಿಡಿದು ವಾಡಿಯವರೆಗೆ ಆ ಕಾಲದ ರಸ್ತೆಯಲ್ಲಿ, ಕಾದ ಎಂಜಿನ್ನಿನ ಮಗ್ಗುಲಲ್ಲಿ ದಿನವಿಡೀ ಕೂರುವ ಕೆಲಸ. ಮೊದಲು ಸೀಟಿನ ಮೇಲೆ ಕೌದಿ ಮಡಚಿ ಹಾಕಿಕೊಂಡ. ಆಮೇಲೆ ಎರಡು ಕೌದಿ. ರಕ್ತ ಹೋಗಿ ಹೋಗಿ ಮುಖ ಸುಣ್ಣದ ಗೋಡೆಯಂತಾದ ಮೇಲೆ ಅತ್ತಿಗೆ ನನಗೆ ಹೇಳಿದಳು. ಡಿಪೋದಲ್ಲಿ ಗೊತ್ತಾದರೆ ಸ್ಟೇರಿಂಗ್ ಬಿಡಿಸಿ ಬಸ್ಸು ತೊಳೆಯಲು ಹಾಕುತ್ತಾರೆ ಎಂಬ ಭಯ ಅವನಿಗೆ. ಡ್ರೈವಿಂಗ್ ಬಿಟ್ಟರೆ ತಾನು ಏನೂ ಅಲ್ಲ ಎಂದು ಅವನು ನಂಬಿದ್ದ, ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಸಂತೆಯಲ್ಲಿ ಡೇರೆ ಹಾಕಿಕೊಂಡು ದಾರ ಕಟ್ಟಿ ಮೂರೇ ದಿನದಲ್ಲಿ ಗುಣ ಮಾಡುತ್ತೇನೆ ಎನ್ನುವವನೊಬ್ಬನಿದ್ದ. ಅಣ್ಣನ ಮನಸ್ಸು ಅತ್ತ ವಾಲಿತ್ತು. ಆಪರೇಷನ್ ಮಾಡಿಸಿಕೊಂಡವರೆಲ್ಲ ಕೆಟ್ಟುಹೋಗಿದ್ದಾರೆ ಎಂದು ಡಿಪೋದಲ್ಲಿ ಯಾರೋ ಹೇಳಿದ್ದರು. ನಾನು ಆಗಷ್ಟೇ ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಮುಗಿಸಿ, ಕೆಲಸವಿಲ್ಲದೆ ವಾಡಿಯಲ್ಲಿ ಅಣ್ಣನ ಮನೆಯಲ್ಲಿ ಉಳಿದಿದ್ದೆ. ಯಾರೋ ಹೇಳಿದರು ಎಂಬ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಎಷ್ಟು ಜನಕ್ಕೆ ಮಾಡಿದರು, ಎಷ್ಟು ಜನಕ್ಕೆ ಗುಣವಾಯಿತು, ಎಷ್ಟು ಜನಕ್ಕೆ ಮತ್ತೆ ಬಂತು? ಇಷ್ಟು ಗೊತ್ತಾದರೆ ಮುಗಿಯಿತಲ್ಲ ಎಂದು ಅಣ್ಣನಿಗೆ ಹೇಳಿ ಒಂದು ನೋಟುಬುಕ್ಕು ಹಿಡಿದು ಕಾಕಾ ಇದ್ದ ಆಸ್ಪತ್ರೆಗೆ ಹೊರಟೆ.

ಸರ್ಜನ್ ಸಾಹೇಬರು ಒಳ್ಳೆಯವರು, ಕೈ ಚುರುಕು ಎಂದು ಹೆಸರಿತ್ತು. ರಿಜಿಸ್ಟರನ್ನು ತಾವೇ ತೆಗೆದುಕೊಟ್ಟರು. ಕೊನೆಯ ಕಾಲಮ್ಮಿನಲ್ಲಿ ಪುಟದಿಂದ ಪುಟಕ್ಕೆ ಒಂದೇ ಪದ: ಗುಣ. ಯಾವಾಗ ಬರೆಯುತ್ತೀರಿ ಎಂದು ಕೇಳಿದೆ. ಮನೆಗೆ ಕಳಿಸುವ ದಿನ ಎಂದರು. ಮನೆಗೆ ಹೋದ ಮೇಲೆ ಏನಾಯಿತು ಎಂದು ಬರೆಯಲು ಕಾಲಮ್ಮೇ ಇರಲಿಲ್ಲ.

ಹಾಗಾದರೆ ನಾನೇ ಕೇಳುತ್ತೇನೆ ಎಂದು ವಿಳಾಸ ಬರೆದುಕೊಂಡು ಊರೂರು ತಿರುಗಿದೆ. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಪರ್ಸಿ ಚಪ್ಪಡಿ ಕಡಿಯುವವರು, ಚಿತ್ತಾಪುರದ ಒಬ್ಬ ಗುಮಾಸ್ತರು, ಸೇಡಂ ಕಡೆಯ ರೈತರು. ಎಲ್ಲರೂ ಕಟ್ಟೆಯ ಮೇಲೆ ಚಾಪೆ ಹಾಸಿದರು, ಚಹಾ ಕೊಟ್ಟರು, ಕೈ ಮುಗಿದು ಒಂದೇ ಮಾತು ಹೇಳಿದರು: ಆರಾಮ ಅದೀನ್ರಿ, ಡಾಕ್ಟರ್ ಸಾಹೇಬ್ರ ಪುಣ್ಯ. ಆಸ್ಪತ್ರೆಯ ಹೆಸರು ಹೇಳಿಕೊಂಡು ಬಂದವನ ಮುಂದೆ ಬೇರೆ ಏನಾದರೂ ಹೇಳುವುದು ಅವರಿಗೆ ಮರ್ಯಾದೆಯಾಗಿರಲಿಲ್ಲ. ಅದು ಆಗ ನನಗೆ ಹೊಳೆಯಲಿಲ್ಲ. ನಾನು ಗೆದ್ದವನಂತೆ ನೋಟುಬುಕ್ಕನ್ನು ಆಸ್ಪತ್ರೆಗೆ ತಂದು ಕಾಕಾನ ಮುಂದೆ ಹಿಡಿದೆ.

ಅವರು ಪುಟ ತಿರುವಿ ನೋಡಿ, ಸಂತೆಯ ದಿನ ಬನ್ನಿ ಎಂದರು. ಆಸ್ಪತ್ರೆಯ ಎದುರು ಒಂದು ಚಹಾದಂಗಡಿ. ಮುಂದೆ ಎರಡು ಕಲ್ಲುಗಳ ಮೇಲೆ ಉದ್ದನೆಯ ಪರ್ಸಿ ಇಟ್ಟು ಕೂರಲು ಮಾಡಿದ್ದರು. ಪಕ್ಕದ ಬೇವಿನ ಬುಡದಲ್ಲಿ ನಾವಿಬ್ಬರೂ ನಿಂತೆವು. ಸಂತೆಗೆ ಬಂದವರು ಬರುತ್ತಿದ್ದರು, ಕೂರುತ್ತಿದ್ದರು, ಏಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಣಿಯ ಆಸಾಮಿ ಕಾಣಿಸಿದ. ನನಗೆ ಚಾಪೆ ಹಾಸಿ ಆರಾಮ ಅದೀನ್ರಿ ಎಂದವನೇ. ಕಲ್ಲು ಖಾಲಿಯಿತ್ತು. ಆತ ಚಹಾವನ್ನು ನಿಂತೇ ಕುಡಿದು, ಲೋಟ ಇಟ್ಟು ಹೋದ. ನನಗೆ ಚಾಪೆ ಹಾಸಿದ ದಿನವೂ ಆತ ನಿಂತೇ ಇದ್ದ ಎಂಬುದು ಆಗ ನೆನಪಾಯಿತು. ಅತಿಥಿಗೆ ಕೊಡುವ ಗೌರವ ಎಂದುಕೊಂಡಿದ್ದೆ.

"ಬಾಯಿಗೆ ಏನ್ ಕೇಳ್ತೀರಿ ಪ್ರೊಫೆಸರ್ ಸಾಹೇಬ್ರ," ಎಂದರು ಕಾಕಾ. "ಕುಂದ್ರೋದು ನೋಡ್ರಿ."

ಆಮೇಲೆ ಇನ್ನೊಬ್ಬನನ್ನು ತೋರಿಸಿದರು. ಆತ ಕಲ್ಲಿನ ಮೇಲೆ ಒಂದು ಕಾಲು ಮಡಚಿ ಕೂತು, ಪಕ್ಕದವನ ಜೊತೆ ಎತ್ತಿನ ವಿಷಯಕ್ಕೆ ಜಗಳ ಹಚ್ಚಿದ್ದ. ಇವನು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಎರಡು ವರ್ಷದ ಹಿಂದೆ ಆಪರೇಷನ್ ಆದವನಂತೆ. ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲವಂತೆ. "ತಾ ಕುಂತೀನಿ ಅನ್ನೋದು ಮರ್ತಾನಲ್ರಿ, ಅಂವಗ ಆರಾಮಾಗ್ಯದ. ಮರೀಲಾರ್ದಂವಗ ಆಗಿಲ್ಲ. ಇಷ್ಟ ನನ್ನ ಲೆಕ್ಕ." ಕೆಟ್ಟವರು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ, ಗುಣವಾದವರು ನಾಚಿಕೊಂಡು ಸುಮ್ಮನಿರುತ್ತಾರೆ, ಅದಕ್ಕೇ ಡಿಪೋದವರ ಮಾತು ಹಂಗ ಎಂದೂ ಹೇಳಿದರು. ಪ್ರತಿ ಸಂತೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಇಲ್ಲಿ ಬಂದು ನಿಲ್ಲುತ್ತಿದ್ದರಂತೆ, ವರ್ಷಗಳಿಂದ.

ನಾನು ನಕ್ಕುಬಿಟ್ಟೆ. ಸಂತೆಗೆ ಬಾರದವರ ಗತಿ ಏನು, ಅವಸರಕ್ಕೆ ನಿಂತು ಚಹಾ ಕುಡಿಯುವವರ ಗತಿ ಏನು, ಇದು ಯಾವ ಸೀಮೆಯ ಪದ್ಧತಿ ಎಂದು ಕೇಳಿದೆ. ಅವರಿಗೆ ಬೇಸರವಾಗಲಿಲ್ಲ. ಒಬ್ಬನನ್ನು ಒಂದೇ ಸಲ ನೋಡಿ ಹೇಳುವುದಿಲ್ಲ, ನಾಲ್ಕೈದು ಸಂತೆ ನೋಡುತ್ತೇನೆ ಎಂದರು. ಆ ಉತ್ತರ ಎಷ್ಟು ಚೆನ್ನಾಗಿತ್ತು ಎಂಬುದು ಈಗ ತಿಳಿಯುತ್ತದೆ. ಆಗ ನಾನು ವಾದದಲ್ಲಿ ಗೆಲ್ಲುವ ಗಡಿಬಿಡಿಯಲ್ಲಿದ್ದೆ. ನಿಮ್ಮ ಲೆಕ್ಕದಲ್ಲಿ ಹೆಚ್ಚಿನವರು ಕೂರುತ್ತಾರೋ ಇಲ್ಲವೋ ಎಂದು ಕೇಳಿದ್ದಕ್ಕೆ, ಹೆಚ್ಚಿನವರು ಕೂರುತ್ತಾರೆ, ಮನೆಗೆ ಹೋದ ಮೇಲೆ ಹೇಳಿದ ಹಾಗೆ ಕೇಳಿದವರು ಎಂದರು. ಕೊನೆಯ ಮಾತನ್ನು ನಾನು ಬರೆದುಕೊಳ್ಳಲಿಲ್ಲ.

ಅಣ್ಣನಿಗೆ ನೋಟುಬುಕ್ಕು ತೋರಿಸಿ ಒಪ್ಪಿಸಿದೆ. ಬೇವಿನ ಬುಡದ ಸಂಗತಿ ಹೇಳಲಿಲ್ಲ. ಡಿಪೋಗೆ ಜ್ವರ ಎಂದು ರಜೆ ಬರೆದ. ಆಪರೇಷನ್ ಆಯಿತು. ಮನೆಗೆ ಕಳಿಸುವ ದಿನ ಕಾಕಾ ಅವನಿಗೆ ಮಾಡಬೇಕಾದದ್ದನ್ನು ಮೂರು ಸಲ ಹೇಳಿದರು, ಮೂರು ಸಲ ಅವನ ಬಾಯಿಂದ ಹೇಳಿಸಿದರು. ದಿನಕ್ಕೆ ಎರಡು ಹೊತ್ತು ಬೋಗುಣಿಯಲ್ಲಿ ಬೆಚ್ಚಗಿನ ನೀರು ಹಾಕಿ ಕೂರಬೇಕು. ಹೊಟ್ಟೆ ತುಂಬ ಉಣ್ಣಬೇಕು, ಸೊಪ್ಪು ತಿನ್ನಬೇಕು. ಹೊರಕಡೆಗೆ ಹೋಗಲು ಹೆದರಬಾರದು. ಮೂರನೆಯ ವಾರ ಬಂದು ತೋರಿಸಬೇಕು. ರಿಜಿಸ್ಟರಿನಲ್ಲಿ ಅಣ್ಣನ ಹೆಸರಿನ ಮುಂದೆ ಅವತ್ತೇ ಗುಣ ಎಂದು ಬಿತ್ತು. ನಾನೇ ನೋಡಿದೆ.

ಮನೆಯಲ್ಲಿ ಏನಾಯಿತೆಂದು ಬರೆಯಲು ನನಗೆ ಇವತ್ತಿಗೂ ಕೈ ಬರುವುದಿಲ್ಲ, ಯಾಕೆಂದರೆ ನಾನು ಅದೇ ಮನೆಯಲ್ಲಿದ್ದೆ. ಒಂದೇ ಖೋಲಿ, ಹಿಂದೆ ಒಂದು ಬಚ್ಚಲು. ಇದ್ದ ಅಗಲವಾದ ಪಾತ್ರೆ ಎಂದರೆ ಅತ್ತಿಗೆ ರೊಟ್ಟಿಯ ಹಿಟ್ಟು ನಾದುವ ಪರಾತ ಒಂದೇ. ಅದರಲ್ಲಿ ಕೂರುವ ಮಾತನ್ನು ಅಣ್ಣ ಎತ್ತುವ ಹಾಗಿಲ್ಲ, ಅತ್ತಿಗೆ ಕೊಡುವ ಹಾಗಿಲ್ಲ. ಹೊಸದು ಕೊಳ್ಳಬಹುದಿತ್ತು. ಆದರೆ ಪಾತ್ರೆ ಅಂಗಡಿಯವನು ಇಷ್ಟು ದೊಡ್ಡದು ಯಾಕೆ ಎಂದು ಕೇಳುತ್ತಾನೆ, ಓಣಿಯಲ್ಲಿ ಅದನ್ನು ಹೊತ್ತು ತರಬೇಕು, ಡಿಪೋಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಗಂಡ ಹೆಂಡತಿ ಇಬ್ಬರೂ ಆ ವಿಷಯವನ್ನೇ ಕೈಬಿಟ್ಟರು. ಗಾಯ ನೋಯುತ್ತದೆಂದು ಅಣ್ಣ ಬರೀ ಗಂಜಿ ಕುಡಿದ. ಹೊರಗೆ ಹೋಗುವುದನ್ನು ಮುಂದೂಡಿ ಮುಂದೂಡಿ ದಿನ ಕಳೆದ. ಕೇಳಿದಾಗಲೆಲ್ಲ ಆರಾಮ ಎಂದ. ನಾನು ನೋಟುಬುಕ್ಕಿನ ಕೊನೆಯ ಪುಟದಲ್ಲಿ ಅಣ್ಣ ಎಂದು ಬರೆದು ಮುಂದೆ ಗುಣ ಎಂದು ಬರೆದೆ.

ಮೂರನೆಯ ವಾರ ತೋರಿಸಲು ಹೋದೆವು. ಭಾಳ ಗದ್ದಲವಿತ್ತು. ಸರ್ಜನ್ ಸಾಹೇಬರು ಬಾಗಿಲಲ್ಲೇ ಹೆಂಗ ಅದೀರಿ ಎಂದರು. ಅಣ್ಣ ಕೈ ಮುಗಿದು ಆರಾಮ ಅದೀನ್ರಿ ಎಂದ. ಹೋಗಿಬನ್ನಿ ಎಂದರು. ವರಾಂಡದ ಕೊನೆಯಲ್ಲಿ ಕಾಕಾ ಹತ್ತಿಯ ಡಬ್ಬಿ ಹಿಡಿದು ನಿಂತಿದ್ದರು. ನಮ್ಮ ಹತ್ತಿರ ಬರಲಿಲ್ಲ, ಮಾತಾಡಿಸಲಿಲ್ಲ. ಅಣ್ಣ ಬಸ್ಸಿನ ಮೆಟ್ಟಿಲು ಹತ್ತುವವರೆಗೂ ನೋಡುತ್ತಲೇ ಇದ್ದರು. ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿಯುವ ಮೆಟ್ಟಿಲನ್ನು ಅಣ್ಣ ಅವತ್ತು ಕಂಬಿ ಹಿಡಿದು, ಒಂದೊಂದೇ ಕಾಲಿಟ್ಟು ಹತ್ತಿದ.

ಅವರು ಬಂದದ್ದು ಅದರ ಮುಂದಿನ ಭಾನುವಾರ. ಬಂದಿದ್ದರೆ.

ನನ್ನ ನೆನಪಿನ ಪ್ರಕಾರ ಹೀಗೆ: ಸೈಕಲ್ಲನ್ನು ಗೋಡೆಗೆ ಒರಗಿಸಿ, ಬೋಗುಣಿಯನ್ನು ತಲೆಯಿಂದ ಇಳಿಸಿ ಒಳಗೆ ತಂದರು. ಅಣ್ಣನನ್ನು ಏನೂ ಕೇಳಲಿಲ್ಲ. ಅತ್ತಿಗೆಗೆ, ತಂಗೀ, ನೀರು ಕಾಸವ್ವಾ ಎಂದರು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕೆಂಪು ಪುಡಿಯನ್ನು ಚಿಟಿಕೆ ಹಾಕಿದರು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಅಣ್ಣ ಗೋಡೆಗೆ ಒರಗಿ ಅರ್ಧ ನಿಂತು ಅರ್ಧ ಕೂತು ಹೇಳಿದ: "ಕಾಕಾ, ಆರಾಮ ಅದೀನ್ರಿ."

"ನಾ ಕೇಳೇ ಇಲ್ಲಲ್ರಿ ಡ್ರೈವರ್ ಸಾಹೇಬ್ರ," ಎಂದರು ಅವರು. "ಕುಂದ್ರಿ."

ನಾನೂ ಅತ್ತಿಗೆಯೂ ಹೊರಗೆ ಬಂದೆವು. ಒಳಗಿನಿಂದ ಅವರ ದನಿ ಕೇಳುತ್ತಿತ್ತು. ಸುಲೇಪೇಟ ಸ್ಟ್ಯಾಂಡಿನ್ಯಾಗ ಬಸ್ಸು ಎಷ್ಟೊತ್ತು ನಿಲ್ಲಸ್ತೀರಿ, ಕಂಡಕ್ಟರ್ ಸೀಟಿ ಊದೂತನಕ ಕಾಯ್ತೀರೋ ಇಲ್ಲೋ? ಅಣ್ಣ ಕಂಡಕ್ಟರನನ್ನು ಬೈಯಲು ಶುರು ಮಾಡಿದ. ನಡುವೆ ಒಮ್ಮೆ ಕೂಗಿದ. ಮತ್ತೆ ಬೈಗುಳ ಮುಂದುವರಿಯಿತು.

ಹೊರಗೆ ಬಂದ ಕಾಕಾ ಕೈ ತೊಳೆದುಕೊಳ್ಳುತ್ತ ನನಗೆ ಹೇಳಿದರು. ಗಾಯ ಮಾಯುವಾಗ ಚರ್ಮ ಬಿಗಿದುಕೊಳ್ಳುತ್ತದೆ. ಉಂಡು, ದಿನಾ ಹೊರಗೆ ಹೋಗಿ, ಬಿಸಿನೀರಿನಲ್ಲಿ ಕೂತರೆ ದಾರಿ ಸರಿಯಾಗಿರುತ್ತದೆ. ಗಂಜಿ ಕುಡಿದು ಬಿಗಿಹಿಡಿದು ಕೂತರೆ ದಾರಿ ಸಣ್ಣದಾಗುತ್ತದೆ. ಇವರದು ಸಣ್ಣದಾಗುತ್ತ ನಡೆದಿದೆ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಮತ್ತೆ ಕತ್ತರಿಸಬೇಕಾಗುತ್ತಿತ್ತು. ನಾಳೆ ಕರೆದುಕೊಂಡು ಬನ್ನಿ, ಸಾಹೇಬರು ಹಿಗ್ಗಿಸಿ ಸರಿ ಮಾಡುತ್ತಾರೆ. ಆಮೇಲೆ ಕೇಳಿದರು: "ನಿಮ್ಮ ವಹಿದಾಗ ಇವ್ರು ಹೆಂಗ ಅದಾರ?"

ನಾನು ನೋಟುಬುಕ್ಕು ತಂದು ತೋರಿಸಿದೆ. ಅವರು ಓದಿದರು. ನಗಲಿಲ್ಲ. ಬೇವಿನ ಬುಡದಲ್ಲಿ ನಾನು ನಕ್ಕಿದ್ದೆ, ಅವರು ನಗಲಿಲ್ಲ. ಇದೊಂದು ನೆನಪು ಸುಳ್ಳಾಗಿದ್ದರೆ ಒಳ್ಳೆಯದಿತ್ತು.

ಮರುದಿನ ಆಸ್ಪತ್ರೆಗೆ ಹೋದೆವು. ಒಂದೆರಡು ವಾರ ಹೋಗಿ ಬಂದದ್ದಾಯಿತು. ಬೋಗುಣಿ ಹಗಲೆಲ್ಲ ಮಂಚದ ಕೆಳಗೆ ಗೋಣಿಚೀಲ ಮುಚ್ಚಿಕೊಂಡು ಇರುತ್ತಿತ್ತು. ಅಣ್ಣ ಕೆಲಸಕ್ಕೆ ಹೋದ, ಮೊದಲು ಎರಡು ಕೌದಿಯ ಮೇಲೆ, ಆಮೇಲೆ ಒಂದರ ಮೇಲೆ. ಒಂದು ದಿನ ಅತ್ತಿಗೆ ಆ ಕೌದಿಯನ್ನು ಒಗೆದು ಹಾಸಿಗೆಗೆ ಸೇರಿಸಿದಳು. ಡಿಪೋಗೆ ಕೊನೆಗೂ ಗೊತ್ತಾಗಲಿಲ್ಲ. ನಿವೃತ್ತಿಯಾಗುವವರೆಗೂ ಸ್ಟೇರಿಂಗ್ ಹಿಡಿದ.

ನಾನು ಕಾಕಾನಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಕೆಲಸ ಸಿಕ್ಕಿ ದೂರ ಹೋದೆ. ರಜೆಗೆ ಬಂದಾಗ ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ಕಳೆದೆ. ಎಂಬತ್ತರ ದಶಕದ ನಡುವೆ ಒಮ್ಮೆ ಹೋದಾಗ ಅವರು ತೀರಿಕೊಂಡು ಎಷ್ಟೋ ಕಾಲವಾಗಿದೆ ಎಂದರು. ಯಾವಾಗ ಎಂದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಹೊಸ ಡ್ರೆಸ್ಸರನಿಗೆ ಅವರ ಹೆಸರೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಬೇವಿನ ಬುಡದಲ್ಲಿ ನಿಂತು ಕಂಡದ್ದನ್ನು ಅವರು ಒಂದು ಸಾಲೂ ಬರೆದಿಡಲಿಲ್ಲ. ಲೆಕ್ಕ ಬರೆದಿಡುವುದನ್ನು ಕಲಿತು ಆ ಊರಿಗೆ ಬಂದಿದ್ದವನು ನಾನು. ನಾನು ಬರೆದದ್ದು ಗುಣ, ಗುಣ, ಗುಣ.

ಹಿಂದೆ ಒಮ್ಮೆ ಮನೆಯ ಮದುವೆಯಲ್ಲಿ ಅಣ್ಣನ ಪಕ್ಕ ಪಂಕ್ತಿಯಲ್ಲಿ ಕೂತಾಗ ಈ ಮಾತು ತೆಗೆದೆ. ಅವನಿಗೆ ಆಪರೇಷನ್ ನೆನಪಿತ್ತು, ಸರ್ಜನ್ ನೆನಪಿದ್ದರು. "ಯಾವ ಡ್ರೆಸ್ಸರೋ ತಮ್ಮಾ? ಮನಿಗೆ ಯಾರ್ ಬಂದಾರ? ಡಾಕ್ಟರ್ ಕೊಯ್ದ್ರು, ನಾ ಆರಾಮಾದೆ. ಕಥಿ ಕಟ್ಟೋದು ಬಿಡು, ಹೋಳಿಗಿ ತಿನ್ನು" ಎಂದ. ನನಗೆ ಸಿಟ್ಟು ಬಂತು. ಆಮೇಲೆ ನೋಡಿದೆ: ಬರೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ, ಅರ್ಧ ಗಂಟೆಯಿಂದ, ಒಮ್ಮೆಯೂ ಅಲುಗಾಡದೆ, ತಾನು ಕೂತಿದ್ದೇನೆ ಎಂಬುದನ್ನೇ ಮರೆತು. ಕಾಕಾನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಸಾಲದು. ಗುಣವಾದ ಎಂದು ತೋರಿಸುತ್ತದೆ, ಯಾರಿಂದ ಎಂದು ತೋರಿಸುವುದಿಲ್ಲ.

ಹೋದ ವರ್ಷ ಅಣ್ಣನನ್ನು ನೋಡಲು ನಮ್ಮೂರು ಕೊಡ್ಲಿಗೆ ಹೋಗಿದ್ದೆ. ನಿವೃತ್ತಿಯ ನಂತರ ಅಣ್ಣ ಅತ್ತಿಗೆ ವಾಡಿಯಿಂದ ಸಾಮಾನೆಲ್ಲ ಕಟ್ಟಿಕೊಂಡು ಅಲ್ಲಿಗೇ ಬಂದಿದ್ದರು. ಹಿತ್ತಲಲ್ಲಿ ಎಮ್ಮೆಯ ಮುಂದೆ ಹತ್ತಿಕಾಳು ನೆನೆಹಾಕಿದ ಪಾತ್ರೆಯೊಂದಿತ್ತು. ಅಗಲವಾದದ್ದು, ಅಂಚಿನಲ್ಲಿ ಬಿಳಿ ಎನಾಮಲ್ ಅಲ್ಲಲ್ಲಿ ಕಿತ್ತು ಕಪ್ಪು ಕಾಣುತ್ತಿತ್ತು. ಇದನ್ನು ಒಳಗೆ ಬಳಸುವುದಿಲ್ಲವೇ ಎಂದು ಅತ್ತಿಗೆಯನ್ನು ಕೇಳಿದೆ. ಅದು ಅಡಗಿಗೆ ಬರಂಗಿಲ್ಲ, ಮೊದಲಿಂದ ಹೊರಗಿಂದು ಎಂದಳು. ಯಾರು ತಂದದ್ದೆಂದು ಕೇಳಿದರೆ ಅವಳಿಗೂ ನೆನಪಿರಲಿಲ್ಲ, ಅಥವಾ ಹೇಳಲು ಮನಸ್ಸಿರಲಿಲ್ಲ.

ಹತ್ತಿಕಾಳನ್ನು ಬಕೆಟ್ಟಿಗೆ ಸುರಿದು ಬೋಗುಣಿಯನ್ನು ಬೋರಲು ಹಾಕಿದೆ. ತಳಕ್ಕೆ ಮಣ್ಣು ಮೆತ್ತಿಕೊಂಡಿತ್ತು. ಬೆರಳಿನಿಂದ ಕೆರೆದೆ, ನೀರು ಹಾಕಿ ತೊಳೆದೆ. ಕಾಕಾ ತಲೆಯ ಮೇಲೆ ಹೊತ್ತು ಬಂದರೆಂಬುದು ಇದರಿಂದ ಗೊತ್ತಾಗುವುದಿಲ್ಲ. ಅಣ್ಣನನ್ನು ಅದರಲ್ಲಿ ಕೂರಿಸಿದರೆಂಬುದೂ ಗೊತ್ತಾಗುವುದಿಲ್ಲ. ಆದರೆ ತಳದಲ್ಲಿ ಕೆಂಪು ಬಣ್ಣದಿಂದ, ರಾಜ್ಯಕ್ಕೆ ಇನ್ನೂ ಹಳೆಯ ಹೆಸರಿದ್ದ ಕಾಲದ ಅಕ್ಷರಗಳಲ್ಲಿ, ಮೈ. ಸರಕಾರಿ ಆಸ್ಪತ್ರೆ ಎಂದು ಬರೆದಿತ್ತು, ಅದರ ಕೆಳಗೆ ನಾಲ್ಕು ಎಂಬ ಅಂಕಿ. ಎರಡು ಸಲ ಓದಿದೆ.